ಹೊತ್ತಿಗೊಂದು ರುಚಿಯ ಎಲೆ

ನಮ್ಮ ಶಾಲೆಯಲ್ಲಿ ಕಲಿತು ಈಗ ದೂರದೂರುಗಳಲ್ಲಿ ಸಂಸಾರ ಹೂಡಿರುವ ಸಹೋದರಿಯರಿಗೆ ವಿಜ್ಞಾನದ ಕೋಣೆಯ ಮುಂದಿನ ಪಡಸಾಲೆಯೂ ಅದರ ಅಂಚಿನಲ್ಲಿ ಸಾಲಾಗಿ ಇಟ್ಟಿರುವ ಮಣ್ಣಿನ ಕುಂಡಗಳೂ ನೆನಪಿನಲ್ಲಿರಬಹುದು. ಆ ಕುಂಡಗಳೊಂದರಲ್ಲಿ ಕಾಡುಬಸಳೆಯ ಗಿಡವುಂಟು. ಅದನ್ನು ಪರ್ಣಬೀಜವೆಂದೂ ಕರೆಯುವರು. ನಮ್ಮ ಮರಾಠಿ ನೆರೆಯವರ ಬಾಯಲ್ಲಿ ಅದು ಪಾನಫುಟಿ. ಎಲೆಯೊಂದನ್ನು ಕಿತ್ತು ಹಸಿ ಮಣ್ಣಿನ ಮೇಲಿಟ್ಟರೆ ಸಾಕು, ಅದರ ಅಂಚಿನ ಕಚ್ಚುಗಳಿಂದ ಮರಿಗಿಡಗಳು ಒಡೆದು ಬರುವವು. ಆದಕಾರಣ ಹುಡುಗಿಯರಿಗೆ ಆ ಗಿಡದ ಮೇಲೆ ವಿಶೇಷ ಪ್ರೀತಿ. ಆದರೆ ನಾನು ಇಲ್ಲಿ ಬರೆಯಹೊರಟದ್ದು ಮರಿಗಿಡಗಳ ಸಂಗತಿಯಲ್ಲ. ಆ ಎಲೆಯ ರುಚಿಯ ಸಂಗತಿ, ಮತ್ತು ಅದರ ನಿಮಿತ್ತದಿಂದ ನಾನು ಒಬ್ಬ ವಿದ್ಯಾರ್ಥಿನಿಗೆ ಮಾಡಿದ ಅನ್ಯಾಯದ ಸಂಗತಿ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯವರಿಗೆ, ನಿಮ್ಮ ಮನೆಯ ಹತ್ತಿರದ ಒಂದು ಗಿಡವನ್ನು ಆರಿಸಿಕೊಂಡು ಅದರ ಎಲೆಯ ಆಕಾರ, ಬಣ್ಣ, ವಾಸನೆಗಳನ್ನೂ, ತಿನ್ನುವ ಗಿಡವಾದರೆ ರುಚಿಯನ್ನೂ ಬರೆದುಕೊಂಡು ಬನ್ನಿರೆಂದು ಹೇಳಿದ್ದೆನು. ಇಬ್ಬರು ಕಾಡುಬಸಳೆಯನ್ನೇ ಆರಿಸಿಕೊಂಡಿದ್ದರು. ಒಬ್ಬಳು ಬೆಳಗಾವಿಯ ಕ್ಯಾಂಪಿನಲ್ಲಿ ಇರುವವಳು. ಎಲೆಯು ಸಪ್ಪೆ, ಹೇಳಿಕೊಳ್ಳುವಂಥ ರುಚಿಯಿಲ್ಲವೆಂದು ಬರೆದಿದ್ದಳು. ಇನ್ನೊಬ್ಬಳು ಕಾಕತಿಯಿಂದ ಬರುವವಳು. ಎಲೆಯು ಪುಂಡಿಪಲ್ಯದಷ್ಟು ಹುಳಿಯೆಂದು ಬರೆದಿದ್ದಳು. ಒಂದೇ ಗಿಡದ ವಿಷಯದಲ್ಲಿ ಎರಡು ಮಾತು ಹೇಗೆ ನಿಜವಾದಾವು? ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಪಡಸಾಲೆಗೆ ಹೋಗಿ ಎಲೆಯ ಚೂರೊಂದನ್ನು ನಾಲಗೆಯ ಮೇಲಿಟ್ಟು ನೋಡಿದೆನು. ಸಪ್ಪೆ! ಕೋಣೆಗೆ ಮರಳಿ ಕಾಕತಿಯವಳ ಪುಸ್ತಕದಲ್ಲಿ ಆ ಸಾಲಿನ ಮೇಲೆ ಕೆಂಪು ಗೀಟು ಎಳೆದು, “ನೋಡದೆ ಬರೆಯಬಾರದು” ಎಂದು ಬದಿಯಲ್ಲಿ ಬರೆದೆನು. ಅವಳು “ಹುಳಿ ಇತ್ತರೀ ಅಕ್ಕೋರ” ಎಂದು ಒಂದೇ ಮಾತು ಹೇಳಿ ತಲೆ ತಗ್ಗಿಸಿ ಕುಳಿತಳು. ನಾನು ಮುಂದಿನ ಪಾಠಕ್ಕೆ ಹೋದೆನು.

ಅದೇ ಚಳಿಗಾಲದಲ್ಲಿ ಒಂದು ಮದುವೆಯ ಸಲುವಾಗಿ ಕಾಕತಿಗೆ ಹೋಗುವ ಪ್ರಸಂಗ ಬಂದಿತು. ಬೆಳಗಾವಿಯ ಉತ್ತರಕ್ಕೆ ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರು ಕಿತ್ತೂರ ರಾಣಿ ಚೆನ್ನಮ್ಮನ ತವರೆಂಬದು ಎಲ್ಲರಿಗೂ ಗೊತ್ತಿದ್ದದ್ದೇ. ರಾತ್ರಿ ಆ ಹುಡುಗಿಯ ಮನೆಯಲ್ಲಿಯೇ ಉಳಿದೆನು. ನಸುಕಿನಲ್ಲಿ ಅವಳ ಅಜ್ಜಿಯು ಹಿತ್ತಲಿಗೆ ಹೋಗಿ ಕಾಡುಬಸಳೆಯ ಎಲೆಯೊಂದನ್ನು ಕಿತ್ತು ತಂದು ಬರಿ ಹೊಟ್ಟೆಯಲ್ಲಿ ಅಗಿಯುತ್ತಿದ್ದರು. ಮೂತ್ರದ ಕಲ್ಲಿಗೆ ಅದು ಔಷಧವೆಂದು ಅವರ ನಂಬಿಕೆ. ನನಗೂ ಒಂದು ಚೂರು ಕೊಟ್ಟರು. ಬಾಯಲ್ಲಿಟ್ಟೊಡನೆ ಹಲ್ಲು ಚಳಿತುಹೋಯಿತು, ಅಷ್ಟು ಹುಳಿ! ನಾನು ಬೆರಗಾಗಿ, ಶಾಲೆಯ ಗಿಡವು ಸಪ್ಪೆಯಾಗಿತ್ತಲ್ಲಾ ಎಂದು ಕೇಳಲಾಗಿ ಅಜ್ಜಿಯು ನಕ್ಕು, “ಹೊತ್ತು ಏರಿದ ಮ್ಯಾಲ ಆ ಎಲಿಯೊಳಗ ಏನ್ ರುಚಿ ಇರತೈತ್ರೀ ಅಕ್ಕೋರ? ನಸುಕಿನ್ಯಾಗ ನೋಡಬೇಕ್ರಿ” ಎಂದರು. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಜ್ಜಿಗೆ ತಿಳಿದಿದ್ದ ಈ ಮಾತನ್ನು ಕಾಗದದ ಮೇಲೆ ಬರೆದು ವಿದ್ವಾಂಸರ ಮುಂದಿಟ್ಟವನು ಬೆಂಜಮಿನ್ ಹೈನೆ ಎಂಬ ಜರ್ಮನ್ ಗೃಹಸ್ಥನು. ಆತನು ೧೭೭೦ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿ, ಮೊರೇವಿಯನ್ ಸಭೆಯ ಮಿಶನರಿಯಾಗಿ ತರಂಗಂಬಾಡಿಗೆ ಬಂದು, ಬಳಿಕ ಕಂಪನಿಯ ಸರಕಾರದಲ್ಲಿ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೆಕೆಂಝಿಯವರು ಮೈಸೂರು ಸೀಮೆಯ ಸರ್ವೆ ಮಾಡಿದಾಗ ಅವರೊಡನೆ ಇದ್ದವನು ಇವನೇ. ಬೆಂಗಳೂರಿನ ಲಾಲ್‌ಬಾಗ್ ತೋಟವೂ ಕೆಲವು ಕಾಲ ಇವನ ಮೇಲ್ವಿಚಾರಣೆಯಲ್ಲಿತ್ತು. ೧೮೧೩ರಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯ ಲ್ಯಾಂಬರ್ಟ್ ಎಂಬವರಿಗೆ ಬರೆದ ಒಂದು ಚಿಕ್ಕ ಪತ್ರದಲ್ಲಿ, ಹಿಂದುಸ್ತಾನದ ತೋಟಗಳಲ್ಲಿ ಬೆಳೆಯುವ ಈ ಗಿಡದ ಎಲೆಯು ಬೆಳಗಿನಲ್ಲಿ ಬಲು ಹುಳಿ, ಹೊತ್ತು ಏರಿದಂತೆ ಹುಳಿಯಿಳಿದು ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿಯೆಂದು ಆತನು ತಿಳಿಸಿದನು. ಕ್ಯಾಂಪಿನ ಹುಡುಗಿಯ ಮಾತೂ ಕಾಕತಿಯ ಹುಡುಗಿಯ ಮಾತೂ ಎರಡೂ ಆ ಪತ್ರದಲ್ಲಿ ಪಕ್ಕಪಕ್ಕದಲ್ಲಿವೆ. ನಾನು ಪದವಿ ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ಇವನ ಹೆಸರು ಇದ್ದಿತು. ಓದಿದ್ದು ಪಡಸಾಲೆಯ ಕುಂಡದವರೆಗೆ ಬಂದಿರಲಿಲ್ಲ.

ಹೈನೆಯು ಕಂಡದ್ದು ನಿಜ. ಅದಕ್ಕೆ ಹೇಳಿದ ಕಾರಣ ಮಾತ್ರ ತಪ್ಪು. ಎಲೆಯು ರಾತ್ರಿಯಲ್ಲಿ ಆಮ್ಲಜನಕವನ್ನು ಹೀರಿ ಹುಳಿಯಾಗುವದು, ಬೆಳಕಿನಲ್ಲಿ ಅದನ್ನು ಬಿಟ್ಟು ಸಪ್ಪೆಯಾಗುವದೆಂದು ಅವನು ಊಹಿಸಿದನು. ಅವನನ್ನು ದೂರುವ ಹಾಗಿಲ್ಲ. ಫ್ರಾನ್ಸಿನ ಲವ್ವಾಸಿಯೇ ಎಂಬ ಮಹಾ ರಸಾಯನಶಾಸ್ತ್ರಜ್ಞನು ಎಲ್ಲಾ ಹುಳಿಗಳಿಗೂ ಈ ವಾಯುವೇ ಮೂಲವೆಂದು ಕಲಿಸಿದ್ದ ಕಾಲವದು. ವಾಯುವಿಗೆ ಇಟ್ಟ ಹೆಸರೇ ‘ಹುಳಿಯನ್ನು ಹುಟ್ಟಿಸುವದು’ ಎಂಬ ಅರ್ಥದ್ದು. ನಮ್ಮ ‘ಆಮ್ಲಜನಕ’ವು ಅದರ ಭಾಷಾಂತರ. ತಪ್ಪು ಬಯಲಾಗಿ ಇನ್ನೂರು ವರ್ಷಗಳಾದವು, ಹೆಸರು ಹಾಗೆಯೇ ಉಳಿದುಕೊಂಡಿದೆ.

ಮದುವೆ ಮುಗಿಸಿ ಬಂದ ಸೋಮವಾರ ನಾನು ಆ ಪುಸ್ತಕವನ್ನು ತರಿಸಿ, ನನ್ನ ಕೆಂಪು ಬರಹವನ್ನೇ ಹೊಡೆದುಹಾಕಿ, ಅವಳ ಸಾಲನ್ನು ಅವಳಿಂದಲೇ ತರಗತಿಯ ಮುಂದೆ ಓದಿಸಿದೆನು. ಓದಿ ಮುಗಿಸಿ ಅವಳು ಕೂಡ್ರಲಿಲ್ಲ. “ಹಂಗಾದ್ರ ರಾತ್ರಿ ಆ ಹುಳಿ ಎಲ್ಲಿಂದ ಬರತೈತ್ರೀ?” ಎಂದು ಕೇಳಿದಳು. ಉತ್ತರವನ್ನು ತುಸು ಹಿಂದಿನಿಂದ ಹೇಳಬೇಕಾಗುವದು.

ಗಿಡವು ಉಣ್ಣುವದು ಬಹುಮಟ್ಟಿಗೆ ಗಾಳಿಯನ್ನು. ಗಾಳಿಯಲ್ಲಿ ಅತ್ಯಲ್ಪವಾಗಿರುವ ಇಂಗಾಲಾಮ್ಲವಾಯುವನ್ನು ಎಲೆಯು ಒಳಗೆ ತೆಗೆದುಕೊಂಡು, ಬೇರಿನಿಂದ ಬಂದ ನೀರಿನೊಡನೆ ಸೇರಿಸಿ, ಬಿಸಿಲಿನ ಶಕ್ತಿಯಿಂದ ಸಕ್ಕರೆಯನ್ನು ಮಾಡುವದು. ಆಮ್ಲಜನಕವನ್ನು ಹೊರಗೆ ಬಿಡುವದು. ಇದನ್ನೇ ದ್ಯುತಿಸಂಶ್ಲೇಷಣೆಯೆಂದು ಪಾಠಪುಸ್ತಕಗಳು ಹೇಳುವವು. ವಾಯುವು ಒಳಗೆ ಬರಲು ಎಲೆಯ ಚರ್ಮದಲ್ಲಿ ಬರಿಗಣ್ಣಿಗೆ ಕಾಣದ ಸಾವಿರಾರು ಬಾಗಿಲುಗಳಿವೆ. ಅವಕ್ಕೆ ಪತ್ರರಂಧ್ರಗಳೆಂದು ಹೆಸರು. ತೊಂದರೆಯೆಲ್ಲಾ ಈ ಬಾಗಿಲಲ್ಲಿಯೇ. ವಾಯು ಬರಲೆಂದು ತೆರೆದಿಟ್ಟರೆ ಒಳಗಿನ ನೀರು ಆವಿಯಾಗಿ ಹೊರಟುಹೋಗುವದು. ನೀರು ಉಳಿಯಲೆಂದು ಮುಚ್ಚಿಕೊಂಡರೆ ಊಟವಿಲ್ಲ. ಸಾಧಾರಣ ಗಿಡವು ಒಂದು ಗ್ರಾಂ ಇಂಗಾಲಾಮ್ಲವಾಯುವನ್ನು ಗಳಿಸಲು ಸುಮಾರು ೪೦೦ರಿಂದ ೫೦೦ ಗ್ರಾಂ ನೀರನ್ನು ಕಳೆದುಕೊಳ್ಳುವದು. ಎಂಥ ದುಬಾರಿಯ ವ್ಯಾಪಾರ! ಹೊಲದಲ್ಲಿ ತೇವವಿರುವವರೆಗೆ ನಡೆದೀತು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರದವರೆಗೆ ಮಳೆಯ ಕೊರತೆಯಿಲ್ಲ. ಬೆಳಗಾವಿಯನ್ನು ನೋಡಲು ಬಂದವರು ಇದೇನು ಕಳ್ಳಿ ಬೆಳೆಯುವ ದೇಶವೇ ಎಂದು ನಗುವರು. ಆದರೆ ಕಾರ್ತಿಕ ಕಳೆದ ಮೇಲೆ ಗುಡ್ಡದ ಬಂಡೆಯ ಸಂದಿಯಲ್ಲಿ ಅಥವಾ ಜಂಬಿಟ್ಟಿಗೆಯ ಕಲ್ಲಿನ ಮೇಲೆ ನಿಂತ ಗಿಡಕ್ಕೆ ಹನಿ ನೀರು ಎಲ್ಲಿಯದು? ಕಲ್ಲು ಮಳೆಯನ್ನು ಕೂಡಿಡುವದಿಲ್ಲ. ಆರೇಳು ತಿಂಗಳು ಆ ಗಿಡವು ತನ್ನ ಮೈಯೊಳಗಿನ ನೀರಿನಿಂದಲೇ ಕಾಲ ಹಾಕಬೇಕು.

ಇಂಥ ಗಿಡಗಳು ಕಂಡುಕೊಂಡ ಉಪಾಯವನ್ನು ನಾನು ಹುಡುಗಿಯರಿಗೆ ಹಗೇವಿನ ದೃಷ್ಟಾಂತದಿಂದ ಹೇಳಿದೆನು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯುವ ರೂಢಿ ನಮ್ಮ ಹಳ್ಳಿಗಳ ಹಿರಿಯರಿಗೆ ಗೊತ್ತು. ಒಂದು ಮನೆಯಿದೆಯೆಂದು ತಿಳಿಯಿರಿ. ಹಗಲಿನಲ್ಲಿ ಬಾಗಿಲು ತೆರೆದರೆ ನೀರೆಲ್ಲಾ ಕಳವಾಗುವದು. ಒಲೆ ಹೊತ್ತುವದೋ ಹಗಲಿನಲ್ಲಿ ಮಾತ್ರ, ಯಾಕಂದರೆ ಆ ಮನೆಯ ಬೆಂಕಿಯೆಂದರೆ ಸೂರ್ಯನೇ. ಮನೆಯೊಡತಿಯು ಏನು ಮಾಡುವಳು? ರಾತ್ರಿಯ ತಂಪಿನಲ್ಲಿ ಬಾಗಿಲು ತೆರೆದು ಕಾಳನ್ನು ಒಳಗೆ ತಂದು ಹಗೇವು ತುಂಬುವಳು. ಬೆಳಗಾಗುತ್ತಲೇ ಬಾಗಿಲು ಹಾಕಿಕೊಂಡು, ಹಗೇವಿನಿಂದ ಕಾಳು ತೆಗೆದು ಒಲೆಯ ಮೇಲೆ ಅಡಿಗೆ ಮಾಡುವಳು. ಕಾಡುಬಸಳೆಯ ಎಲೆಯು ಮಾಡುವದು ಇದನ್ನೇ. ರಾತ್ರಿಯ ಗಾಳಿ ತಂಪಾದದ್ದು, ಅದರಲ್ಲಿ ತೇವವೂ ಹೆಚ್ಚು; ಆಗ ರಂಧ್ರಗಳನ್ನು ತೆರೆದರೆ ನೀರಿನ ನಷ್ಟವು ಕಡಿಮೆ. ಆ ಹೊತ್ತಿನಲ್ಲಿ ಬಂದ ಇಂಗಾಲಾಮ್ಲವಾಯುವನ್ನು ಎಲೆಯು ಹುಳಿಯ ರೂಪದಲ್ಲಿ ಕಟ್ಟಿಡುವದು. ಬೆಳಗಿನಲ್ಲಿ ನಮ್ಮ ಹಲ್ಲನ್ನು ಚಳಿಸುವದು ಈ ರಾತ್ರಿಯ ಗಳಿಕೆಯೇ.

ಹುಳಿಯ ಹೆಸರು ಮ್ಯಾಲಿಕ್ ಆಮ್ಲ. ಸೇಬುಹಣ್ಣಿನ ಹುಳಿಯೂ ಇದೇ; ೧೭೮೫ರಲ್ಲಿ ಸ್ವೀಡನ್ನಿನ ಶೀಲೆ ಎಂಬವನು ಸೇಬಿನ ರಸದಿಂದ ಇದನ್ನು ಮೊದಲು ಬೇರ್ಪಡಿಸಿದನು. ಎಲೆಯೊಳಗೆ ಇದು ಆಗುವ ಬಗೆ ಹೀಗೆ. ಹಗಲಿನಲ್ಲಿ ಕೂಡಿಟ್ಟ ಪಿಷ್ಟವು ರಾತ್ರಿ ಒಡೆದು, ಮೂರು ಇಂಗಾಲದ ಪರಮಾಣುಗಳುಳ್ಳ ಒಂದು ಪದಾರ್ಥವಾಗುವದು. ಒಳಗೆ ಬಂದ ವಾಯುವಿನ ಒಂದು ಇಂಗಾಲವು ಅದಕ್ಕೆ ಅಂಟಿಕೊಳ್ಳುವದು; ನಾಲ್ಕು ಇಂಗಾಲದ ಹುಳಿಯಾಗುವದು. ಪ್ರತಿಯೊಂದು ಜೀವಕೋಶದ ನಡುವೆ ಒಂದು ದೊಡ್ಡ ರಸದ ಚೀಲವುಂಟು. ಅದೇ ಹಗೇವು, ಹುಳಿಯೆಲ್ಲಾ ಅದರೊಳಗೆ ಸೇರುವದು. ಇಂಥ ಗಿಡಗಳ ಎಲೆ ಅಥವಾ ಕಾಂಡವು ದಪ್ಪವಾಗಿ ರಸವತ್ತಾಗಿ ಇರುವದಕ್ಕೆ ಈ ದೊಡ್ಡ ಚೀಲಗಳೇ ಕಾರಣ. ಬೆಳಕು ಹರಿದ ಮೇಲೆ ರಂಧ್ರಗಳು ಮುಚ್ಚುವವು, ಹುಳಿಯು ಚೀಲದಿಂದ ಹೊರಗೆ ಬಂದು ಒಡೆದು, ಕಟ್ಟಿಟ್ಟ ವಾಯುವನ್ನು ಮುಚ್ಚಿದ ಎಲೆಯೊಳಗೆಯೇ ಬಿಟ್ಟುಕೊಡುವದು. ಆಗ ಪತ್ರಹರಿತ್ತು ಬಿಸಿಲನ್ನು ಹಿಡಿದು, ಎಲ್ಲಾ ಗಿಡಗಳಲ್ಲಿ ನಡೆಯುವ ಕ್ರಮದಲ್ಲಿಯೇ ಸಕ್ಕರೆಯನ್ನು ಮಾಡುವದು. ಈ ಕ್ರಮವನ್ನು ಕ್ಯಾಲಿಫೋರ್ನಿಯಾದಲ್ಲಿ ಮೆಲ್ವಿನ್ ಕ್ಯಾಲ್ವಿನ್ನರೂ ಅವರ ಸಂಗಡಿಗರೂ ಬಿಡಿಸಿ ತೋರಿಸಿದರು. ೧೯೬೧ರಲ್ಲಿ ಕ್ಯಾಲ್ವಿನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ಹುಳಿಯನ್ನು ಕಟ್ಟಿಡುವ ಈ ರಾತ್ರಿಯ ವ್ಯವಹಾರಕ್ಕೆ ಕ್ರಾಸುಲೇಸಿ ಆಮ್ಲ ಚಯಾಪಚಯವೆಂದು ಉದ್ದದ ಹೆಸರು. ಇಂಗ್ಲಂಡಿನ ಮೈರಿಯನ್ ಥಾಮಸರು ೧೯೪೦ರ ದಶಕದಲ್ಲಿ ಅದನ್ನು ರೂಢಿಗೆ ತಂದರು. ಕ್ರಾಸುಲೇಸಿಯೆಂದರೆ ಕಾಡುಬಸಳೆಯ ಕುಟುಂಬ. ಲ್ಯಾಟಿನ್ ಮೂಲಪದಕ್ಕೆ ‘ದಪ್ಪ’ವೆಂದಷ್ಟೇ ಅರ್ಥ.

ಲಾಭವೆಷ್ಟು? ಒಂದು ಗ್ರಾಂ ವಾಯುವಿಗೆ ಸಾಧಾರಣ ಗಿಡವು ೪೦೦–೫೦೦ ಗ್ರಾಂ ನೀರು ಕಳೆಯುವಲ್ಲಿ ಇವು ೫೦ರಿಂದ ೧೦೦ ಗ್ರಾಂ ಮಾತ್ರ ಕಳೆಯುವವು. ನಷ್ಟವೂ ಉಂಟು. ಹಗೇವು ತುಂಬಿದ ಮೇಲೆ ಇನ್ನಷ್ಟು ಕಾಳು ತರುವ ಹಾಗಿಲ್ಲ; ಆದಕಾರಣ ಇವುಗಳಲ್ಲಿ ಬಹಳಷ್ಟು ಮೆಲ್ಲಗೆ ಬೆಳೆಯುವವು. ರಾತ್ರಿಯು ಸೆಕೆಯಾದರೆ ಹುಳಿ ಚೆನ್ನಾಗಿ ಕೂಡುವದಿಲ್ಲ; ನಮ್ಮ ಬೆಳಗಾವಿಯ ಚಳಿಗಾಲದ ತಂಪು ರಾತ್ರಿಗಳು ಇವಕ್ಕೆ ಒಳ್ಳೆಯವು. ಮಳೆಗಾಲದಲ್ಲಿ ನೀರು ಧಾರಾಳವಾಗಿದ್ದರೆ ಕಾಡುಬಸಳೆಯು ಇಳಿಹೊತ್ತಿನಲ್ಲಿಯೂ ಸ್ವಲ್ಪ ಬಾಗಿಲು ತೆರೆಯುವದು. ನಿಯಮ ಕಟ್ಟುನಿಟ್ಟಾದದ್ದಲ್ಲ.

ಇಷ್ಟು ಹೇಳಿದ ಮೇಲೆ ಕಾಕತಿಯ ಹುಡುಗಿಯು ಸುಮ್ಮನಿರಲಿಲ್ಲ. ಹುಳಿಯನ್ನು ತೆಗೆಯುವದು ಬೆಳಕೋ, ಬರಿಯ ಹೊತ್ತೋ ಎಂಬದು ಅವಳ ಸಂಶಯ. ಒಂದು ನಸುಕಿನಲ್ಲಿ ಹಿತ್ತಲಿನ ಗಿಡದ ಎರಡು ಎಲೆಗಳಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಕಪ್ಪು ಅರಿವೆಯಿಂದ ಎರಡು ಸುತ್ತು ಕಟ್ಟಿದಳು. ಮಧ್ಯಾಹ್ನಕ್ಕೆ ಬಿಸಿಲಿನ ಎಲೆ ಸಪ್ಪೆಯಾಗಿತ್ತು. ಕಟ್ಟಿದ ಎಲೆ ಇನ್ನೂ ಹುಳಿಯಾಗಿತ್ತು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ನಾವು ಶಾಲೆಯಲ್ಲಿ ನಾಲಗೆಯನ್ನು ಬಿಟ್ಟು ಪ್ರಯೋಗಶಾಲೆಯ ಕ್ರಮದಿಂದಲೇ ನೋಡಿದೆವು. ನಸುಕಿನ ಎಲೆಯನ್ನೂ ಇಳಿಹೊತ್ತಿನ ಎಲೆಯನ್ನೂ ಸಮತೂಕದಲ್ಲಿ ಅರೆದು ಸೋಸಿ, ಬಣ್ಣದ ಸೂಚಕವನ್ನು ಹಾಕಿ, ಕ್ಷಾರದ ನೀರನ್ನು ಹನಿಹನಿಯಾಗಿ ಬಿಟ್ಟೆವು. ನಸುಕಿನ ರಸವು ಬಣ್ಣ ತಿರುಗಲು ಬೇಕಾದ ಹನಿಗಳನ್ನು ಎಣಿಸುತ್ತ ಹುಡುಗಿಯರಿಗೆ ಬೇಸರ ಬಂದಿತು. ಇಳಿಹೊತ್ತಿನ ರಸವು ಕೆಲವೇ ಹನಿಗಳಲ್ಲಿ ತಿರುಗಿತು.

ಕಾಡುಬಸಳೆಯು ಮೂಲದಲ್ಲಿ ಮಡಗಾಸ್ಕರ ದ್ವೀಪದ್ದು, ಸಮುದ್ರ ದಾಟಿ ಬಂದದ್ದು. ಆದರೆ ಈ ವಿದ್ಯೆಯನ್ನು ಬಲ್ಲ ಗಿಡಗಳು ನಮ್ಮ ಸುತ್ತಲೂ ಇವೆ; ಭೂಮಿಯ ಮೇಲಿನ ಸಸ್ಯಜಾತಿಗಳಲ್ಲಿ ನೂರಕ್ಕೆ ಆರೇಳು ಇಂಥವು. ಬೇಲಿಯ ಕಳ್ಳಿಗಳು, ಹೊಲದ ಬದುವಿನ ಕತ್ತಾಳೆ, ಮಂಗರವಳ್ಳಿ, ಲೋಳೆಸರ, ಅನಾನಸು ಎಲ್ಲವೂ ಈ ಮನೆತನದ ನಡತೆಯವೇ. ದೃಷ್ಟಿಯಾಗಬಾರದೆಂದು ಬಾಗಿಲಿಗೆ ಲೋಳೆಸರವನ್ನು ಬೇರು ಮೇಲಾಗಿ ತೂಗುಹಾಕುವದನ್ನು ನೋಡಿರುವಿರಿ. ಮಣ್ಣಿಲ್ಲ, ನೀರಿಲ್ಲ; ಆದಾಗ್ಯೂ ತಿಂಗಳುಗಟ್ಟಲೆ ಬಾಡದೆ ಇರುವದು. ಅತಿಯಾದ ಬರದಲ್ಲಿ ಇಂಥ ಗಿಡವು ರಾತ್ರಿಯಲ್ಲಿಯೂ ಬಾಗಿಲು ತೆರೆಯದೆ, ತನ್ನ ಉಸಿರಿನಿಂದ ಹುಟ್ಟಿದ ವಾಯುವನ್ನೇ ಹುಳಿಯಾಗಿಸಿ ಮರಳಿ ಬಳಸುತ್ತ ಜೀವ ಹಿಡಿಯುವದು. ಬೆಳೆಯದು, ಸಾಯದು. ಗೋಳಿಪಲ್ಯವಂತೂ ಇನ್ನೂ ಜಾಣ: ನೀರಿದ್ದಾಗ ಹಗಲಿನ ವ್ಯಾಪಾರ, ಬರ ಬಿದ್ದಾಗ ರಾತ್ರಿಯ ವ್ಯಾಪಾರ.

ಖಾನಾಪುರದ ಕಡೆಯ ದಟ್ಟ ಅಡವಿಯಲ್ಲಿಯೂ ಇವೆಯೆಂದರೆ ನಂಬುವಿರಾ? ಅಲ್ಲಿಯ ಮಳೆಗೆ ಬೆಳಗಾವಿಯ ಮಳೆ ಏನೂ ಅಲ್ಲ. ಆದರೆ ಮರದ ಕೊಂಬೆಯ ಮೇಲೆ ಕುಳಿತ ಸೀತಾಳೆಯ ಬೇರಿಗೆ ಮಣ್ಣು ಎಲ್ಲಿದೆ? ಮಳೆ ನಿಂತ ದಿನದಿಂದಲೇ ಅದಕ್ಕೆ ಬರಗಾಲ. ಆದಕಾರಣ ಸೀತಾಳೆಗಳಲ್ಲಿ ದಪ್ಪ ಎಲೆಯವು ಅನೇಕ ಈ ದಾರಿಯನ್ನೇ ಹಿಡಿದಿವೆ.

ನೀರಿನ ಈ ಮಿತವ್ಯಯವು ಯಾವಾಗಲೂ ನಮಗೆ ಹಿತವಾದದ್ದಲ್ಲ. ಅಮೇರಿಕಾ ಖಂಡದಿಂದ ಬಂದ ಪಾಪಾಸುಕಳ್ಳಿಯು ದಕ್ಷಿಣ ಹಿಂದುಸ್ತಾನದ ಹೊಲ ಗೋಮಾಳಗಳನ್ನು ಎಷ್ಟು ನುಂಗಿತ್ತೆಂದರೆ ಕಡಿದು ಮುಗಿಯದೆ, ಕೊನೆಗೆ ೧೯೨೬ರಲ್ಲಿ ಸಿಂಹಳದಿಂದ ಅದನ್ನು ತಿನ್ನುವ ಒಂದು ಹುಳವನ್ನು ತಂದು ಬಿಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಹುಳವು ಕೆಲಸ ಮುಗಿಸಿತು.

ಪಾಲಕರಿಗೆ ಒಂದು ಮಾತು. ಲೋಳೆಸರವನ್ನೂ ಹಾವಿನ ಮೈಯಂಥ ಪಟ್ಟೆಗಳುಳ್ಳ ಸ್ನೇಕ್ ಪ್ಲಾಂಟನ್ನೂ ಮಲಗುವ ಕೋಣೆಯಲ್ಲಿಟ್ಟರೆ ರಾತ್ರಿಯೆಲ್ಲಾ ಆಮ್ಲಜನಕವನ್ನು ಕೊಡುವವೆಂದು ಸಸಿ ಮಾರುವವರು ಹೇಳುವರು. ಕೆಲವರು ಈ ಗಿಡಗಳ ರಾತ್ರಿಯ ವ್ಯವಹಾರವನ್ನೇ ಅದಕ್ಕೆ ಆಧಾರವಾಗಿ ತೋರಿಸುವರು. ಇದು ಅರ್ಧ ತಿಳಿದದ್ದರ ಫಲ. ಇವು ರಾತ್ರಿಯಲ್ಲಿ ಇಂಗಾಲಾಮ್ಲವಾಯುವನ್ನು ಒಳಗೆ ತೆಗೆದುಕೊಳ್ಳುವದು ನಿಜ. ಆಮ್ಲಜನಕವು ಹುಟ್ಟುವದು ಬೆಳಕಿನ ಶಕ್ತಿಯಿಂದ ನೀರು ಒಡೆದಾಗ ಮಾತ್ರ. ಕತ್ತಲೆಯಲ್ಲಿ ಅದನ್ನು ಹುಟ್ಟಿಸುವ ಗಿಡವಿಲ್ಲ, ಅರಳಿಯ ಮರವೂ ಅಲ್ಲ. ಕುಂಡದ ಗಿಡವೊಂದು ತೆಗೆದುಕೊಳ್ಳುವ ವಾಯುವೂ ಮಲಗಿದವನ ಉಸಿರಿನ ಮುಂದೆ ಲೆಕ್ಕಕ್ಕೆ ಬಾರದು. ಗಿಡವನ್ನು ಅಂದಕ್ಕಾಗಿ ಇಟ್ಟುಕೊಳ್ಳಿರಿ. ಗಾಳಿಗಾಗಿ ಕಿಟಕಿಯನ್ನು ತೆರೆಯಿರಿ.

ಮನೆಯಲ್ಲಿ ರುಚಿ ನೋಡುವವರು ಬಲಿತ ದಪ್ಪ ಎಲೆಯನ್ನೇ ಆರಿಸಬೇಕು. ಎಳೆಯ ಎಲೆಯಲ್ಲಿ ಹುಳಿ ಅಷ್ಟಾಗಿ ಕೂಡುವದಿಲ್ಲ. ಅಕ್ಕಿಕಾಳಿನಷ್ಟು ಚೂರು ಸಾಕು, ನೋಡಿ ಉಗುಳಿಬಿಡಬೇಕು. ಕಾಡುಬಸಳೆಯಲ್ಲಿ ಹೃದಯಕ್ಕೆ ಒಗ್ಗದ ಪದಾರ್ಥಗಳಿವೆ, ಹೂವಿನಲ್ಲಿ ಇನ್ನೂ ಹೆಚ್ಚು. ಇದರ ಜಾತಿಯ ಗಿಡಗಳನ್ನು ಮೇದು ದನಗಳು ಸತ್ತದ್ದುಂಟು. ಅಜ್ಜಿಗೂ ನಾನು ಇದನ್ನು ಹೇಳಿ ವೈದ್ಯರಲ್ಲಿಗೆ ಕಳುಹಿಸಿದೆನು. ಹೋದರು, ಎಲೆಯನ್ನು ಮಾತ್ರ ಬಿಟ್ಟರೋ ಇಲ್ಲವೋ ಮೊಮ್ಮಗಳೇ ಬಲ್ಲಳು. ಕಳ್ಳಿಯ ಹತ್ತಿರಕ್ಕಂತೂ ರುಚಿ ನೋಡಲು ಹೋಗಲೇ ಕೂಡದು. ಅದರ ಹಾಲು ಬಾಯನ್ನು ಸುಡುವದು; ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಈಗ ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ದಿನಾಂಕದ ಪಕ್ಕದಲ್ಲಿ ‘ಹೊತ್ತು’ ಎಂದು ಇನ್ನೊಂದು ಮನೆಯನ್ನು ಗೀಟು ಹಾಕಿಸುತ್ತಿದ್ದೇವೆ. ಕುಂಡವು ಪಡಸಾಲೆಯಲ್ಲಿ ಅಲ್ಲಿಯೇ ಇದೆ. ಹಳೆಯ ವಿದ್ಯಾರ್ಥಿನಿಯರು ಬಂದು ನೋಡುವದಾದರೆ ಬೆಳಗಿನ ಪ್ರಾರ್ಥನೆಯ ಗಂಟೆಗೆ ಮೊದಲೇ ಬರಬೇಕು. ಬಿಸಿಲು ಪಡಸಾಲೆಗೆ ಬಂದ ಮೇಲೆ ಹುಳಿ ಇಳಿಯತೊಡಗುವದು.